ವಿಶ್ವವಿದ್ಯಾಲಯದ ಅತಿಥಿಗಳು ಘಟ್ಟ ಇಳಿಯಲಿ

1974ರ ಒಂದು ಸಂಜೆ. ಕುಮಟಾ ತಾಲ್ಲೂಕಿನ ನಮ್ಮ ಹೊಳನಗದ್ದೆಯ ಶಾಲೆಯ ಜಗುಲಿಯಲ್ಲಿ ಪೆಟ್ರೋಮ್ಯಾಕ್ಸ್ ದೀಪ ಹಚ್ಚಿಟ್ಟಿದ್ದರು. ಧಾರವಾಡದಿಂದ ಬಂದಿದ್ದ ಅಧ್ಯಾಪಕರೊಬ್ಬರು ಬೆಲೆ ಏರಿಕೆಯ ಕುರಿತು ಮಾತನಾಡುತ್ತಿದ್ದರು. ಹಿಂದಿನ ವರ್ಷವಷ್ಟೇ ಅರಬ್ ದೇಶಗಳು ತೈಲದ ಬೆಲೆ ಏರಿಸಿದ್ದವು. ದೇಶದಲ್ಲಿ ಸಗಟು ಬೆಲೆಗಳು ವರ್ಷಕ್ಕೆ ಶೇ 20ಕ್ಕೂ ಹೆಚ್ಚು ಏರುತ್ತಿದ್ದ ಕಾಲವದು. ಅಧ್ಯಾಪಕರು ಇದನ್ನೆಲ್ಲ ಒಂದೇ ಒಂದು ಇಂಗ್ಲಿಷ್ ಪದವಿಲ್ಲದೆ, ಸೀಮೆಎಣ್ಣೆ ಮತ್ತು ಅಕ್ಕಿಯ ಉದಾಹರಣೆಗಳಿಂದ ವಿವರಿಸಿದರು. ಕುಮಟೆಯ ಪೇಟೆಯಲ್ಲಿ ತರಕಾರಿ ಮಾರಿ ಬುಟ್ಟಿ ಹೊತ್ತು ಮನೆಗೆ ಮರಳುತ್ತಿದ್ದ ನಾಲ್ಕಾರು ಹಾಲಕ್ಕಿ ಹೆಂಗಸರು ಅಂಗಳದ ಅಂಚಿನಲ್ಲಿ ನಿಂತು ಕೇಳುತ್ತಿದ್ದರು. ಭಾಷಣ ಮುಗಿದಾಗ ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು: ‘ಒಡ್ಯಾ, ಎಲ್ಲದ್ರ ರೇಟೂ ಏರ್ತದೆ ಅಂದ್ರಿ. ನಮ್ಮ ಬಸಳೆ ಕಟ್ಟಿನ ರೇಟು ಎಂತಕ್ಕೆ ಏರೂದಿಲ್ಲ?’

ಅಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ಈ ಪ್ರಶ್ನೆಗೆ ತಮ್ಮಲ್ಲಿ ಸಿದ್ಧ ಉತ್ತರವಿಲ್ಲ ಎಂದು ಒಪ್ಪಿಕೊಂಡು, ಕೈಯಲ್ಲಿದ್ದ ಟಿಪ್ಪಣಿಯ ಹಿಂಬದಿಯಲ್ಲಿ ಅದನ್ನು ಬರೆದುಕೊಂಡರು. ನನಗಾಗ ಹದಿನಾಲ್ಕು ವರ್ಷ. ಮುಂದೆ ಅದೇ ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ, ಮಾರುವವನು ಮತ್ತು ಕೊಳ್ಳುವವನ ನಡುವಣ ವಿನಿಮಯ ದರದ ಸಿದ್ಧಾಂತಗಳನ್ನು ಕಲಿಯುವಾಗ, ಆ ಹೆಂಗಸು ಕೇಳಿದ್ದು ಇದನ್ನೇ ಅಲ್ಲವೇ ಎಂದು ಬೆರಗಾಗಿದ್ದೆ. ನಾನು ಅರ್ಥಶಾಸ್ತ್ರವನ್ನು ಆರಿಸಿಕೊಂಡದ್ದಕ್ಕೆ ಆ ಸಂಜೆಯೇ ಕಾರಣ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಇಂಥ ಉಪನ್ಯಾಸಗಳು ಯಾರೋ ಉತ್ಸಾಹಿಗಳು ಒಮ್ಮೆ ಮಾಡಿದ ಏರ್ಪಾಡಾಗಿರಲಿಲ್ಲ. ವಿಶ್ವವಿದ್ಯಾಲಯವೊಂದು ತನ್ನ ಕರ್ತವ್ಯವೆಂದು ತಿಳಿದು ಮಾಡುತ್ತಿದ್ದ ಕೆಲಸವಾಗಿದ್ದವು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ಕುಲಪತಿಯಾಗಿ ಕಟ್ಟಿ ಬೆಳೆಸಿದವರು ಡಿ.ಸಿ. ಪಾವಟೆ. ಅದರ ಪ್ರಸಾರಾಂಗದ ನಿರ್ದೇಶಕರಾಗಿ 1983ರವರೆಗೆ ದುಡಿದವರು ಕವಿ ಚೆನ್ನವೀರ ಕಣವಿ. ಊರೂರುಗಳಲ್ಲಿ ವಿಸ್ತರಣ ಉಪನ್ಯಾಸ ನಡೆಸುವುದು, ಆ ಉಪನ್ಯಾಸಗಳನ್ನು ಪುಟ್ಟ ಪುಸ್ತಕಗಳನ್ನಾಗಿ ಅಚ್ಚು ಹಾಕಿ ಅಗ್ಗದ ಬೆಲೆಗೆ ಕೊಡುವುದು ಪ್ರಸಾರಾಂಗದ ಕ್ರಮವಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯವಂತೂ ಸ್ವಾತಂತ್ರ್ಯಪೂರ್ವದಲ್ಲಿಯೇ ಪ್ರಚಾರೋಪನ್ಯಾಸಗಳ ಮೂಲಕ ಈ ದಾರಿಯನ್ನು ತೋರಿಸಿತ್ತು. ಇದಕ್ಕೆ ಹೊರಗಿನ ಮೇಲ್ಪಂಕ್ತಿಯೂ ಇತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಗೋಡೆಗಳ ಹೊರಗಿನ ಕೈಗಾರಿಕಾ ಪಟ್ಟಣಗಳಿಗೆ ಅಧ್ಯಾಪಕರನ್ನು ಕಳುಹಿಸುವ ವ್ಯವಸ್ಥೆಯನ್ನು 1873ರಷ್ಟು ಹಿಂದೆಯೇ ಆರಂಭಿಸಿತ್ತು. ನಮ್ಮ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1977ರಲ್ಲಿ, ಬೋಧನೆ ಮತ್ತು ಸಂಶೋಧನೆಗಳಷ್ಟೇ ಮಹತ್ವದ ಮೂರನೆಯ ಹೊಣೆ ವಿಸ್ತರಣೆ ಎಂದು ತನ್ನ ನೀತಿಯಲ್ಲಿಯೇ ಸಾರಿತು.

ಆ ಮೂರನೆಯ ಹೊಣೆ ಇಂದು ಎಲ್ಲಿದೆ? ವಿಶ್ವವಿದ್ಯಾಲಯಗಳಿಗೆ ಸಂದರ್ಶಕ ಪ್ರಾಧ್ಯಾಪಕರು ಇಂದಿಗೂ ಬರುತ್ತಾರೆ. ದತ್ತಿ ಉಪನ್ಯಾಸಗಳು, ಸಂಗೀತ ಕಛೇರಿಗಳು, ಚಿತ್ರ ಮತ್ತು ಶಿಲ್ಪಗಳ ಪ್ರದರ್ಶನಗಳು ನಡೆಯುತ್ತಲೇ ಇವೆ. ಆದರೆ ಅವೆಲ್ಲ ಆರಂಭವಾಗಿ ಮುಗಿಯುವುದು ಆವರಣದ ಒಳಗೇ. ನಿವೃತ್ತನಾದ ಮೇಲೆ ಇಂಥ ಕೆಲವು ಕಾರ್ಯಕ್ರಮಗಳಿಗೆ ನಾನು ದೂರದಿಂದ ಹೋಗಿ ಕುಳಿತದ್ದುಂಟು. ಮುಂದಿನ ಎರಡು ಸಾಲುಗಳಲ್ಲಿ ಗಣ್ಯರು. ಅವರ ಹಿಂದೆ ಹಾಜರಾತಿಗಾಗಿ ಕರೆತಂದು ಕೂರಿಸಿದ ವಿದ್ಯಾರ್ಥಿಗಳು. ಅವರ ಹಿಂದೆ ಖಾಲಿ ಕುರ್ಚಿಗಳು. ಸ್ವಾಗತ, ಹಾರ ತುರಾಯಿ, ಅಧ್ಯಕ್ಷೀಯ ಭಾಷಣಗಳಿಗೆ ಒಂದು ಗಂಟೆ ಕಳೆದು, ಸಾವಿರಾರು ಮೈಲಿ ದೂರದಿಂದ ಬಂದ ವಿದ್ವಾಂಸರಿಗೆ ನಲವತ್ತು ನಿಮಿಷ ಉಳಿಯುತ್ತದೆ. ಪ್ರಶ್ನೆಗಳಿಗೆ ಸಮಯವಿಲ್ಲವೆಂದು ನಿರೂಪಕರು ವಿಷಾದಿಸುತ್ತಾರೆ.

ಅರ್ಥಶಾಸ್ತ್ರ ಓದಿದವನಿಗೆ ಈ ಖಾಲಿ ಕುರ್ಚಿಗಳು ಕಣ್ಣಿಗೆ ಚುಚ್ಚುತ್ತವೆ. ಒಬ್ಬನು ಉಂಡ ಅನ್ನವನ್ನು ಇನ್ನೊಬ್ಬನು ಉಣ್ಣಲಾಗದು. ಉಪನ್ಯಾಸ ಹಾಗಲ್ಲ. ನೂರು ಜನ ಕೇಳುವಲ್ಲಿ ನೂರಾ ಒಂದನೆಯವನು ಬಂದು ಕುಳಿತರೆ ಉಳಿದವರ ಪಾಲು ಕಡಿಮೆಯಾಗುವುದಿಲ್ಲ, ಖರ್ಚೂ ಹೆಚ್ಚುವುದಿಲ್ಲ. ಇಂಥವನ್ನು ನಮ್ಮ ಶಾಸ್ತ್ರ ಸಾರ್ವಜನಿಕ ಸರಕುಗಳ ಗುಂಪಿಗೆ ಸೇರಿಸುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ‘ಗ್ಯಾನ್’ ಯೋಜನೆಯಡಿ ವಿದೇಶಿ ವಿದ್ವಾಂಸರೊಬ್ಬರನ್ನು ಎರಡು ವಾರಗಳ ಪಾಠಕ್ಕೆ ಕರೆಸಿದರೆ 12,000 ಡಾಲರ್‌ಗಳವರೆಗೆ ನೀಡಲು ಅವಕಾಶವಿತ್ತು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ದೊಡ್ಡ ವಿದ್ವಾಂಸರು ಬರಲಿ, ಗೌರವಧನವೂ ದೊಡ್ಡದಿರಲಿ. ಆದರೆ ಅಷ್ಟು ವೆಚ್ಚದಲ್ಲಿ ಕರೆಸಿದವರನ್ನು ಇನ್ನೊಂದು ದಿನ, ಇನ್ನೊಂದು ಊರಿಗೆ ಕರೆದೊಯ್ಯಲು ಬೇಕಾಗುವುದು ಒಂದು ಕಾರು, ಒಂದು ಊಟ, ಒಂದು ರಾತ್ರಿಯ ವಸತಿ ಮಾತ್ರ. ಮೊದಲ ಖರ್ಚನ್ನು ಮಾಡಿ ಎರಡನೆಯ ಖರ್ಚಿಗೆ ಹಿಂಜರಿಯುವುದು, ಬಾವಿ ತೋಡಿಸಿ ಹಗ್ಗಕ್ಕೆ ಜಿಪುಣತನ ಮಾಡಿದಂತೆ.

ಸಂಗೀತಕ್ಕೂ ಈ ಮಾತು ಅನ್ವಯಿಸುತ್ತದೆ. ಬೌಮೋಲ್ ಮತ್ತು ಬೋವೆನ್ ಎಂಬ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕತೆಯ ಬಗ್ಗೆ ಹೆಸರಾಂತ ಗ್ರಂಥವೊಂದನ್ನು ಪ್ರಕಟಿಸಿದರು. ಯಂತ್ರಗಳಿಂದ ಬಟ್ಟೆಯ ಉತ್ಪಾದನೆ ನೂರ್ಮಡಿಯಾಗಬಹುದು. ಆದರೆ ನಾಲ್ವರು ನುಡಿಸಬೇಕಾದ ಕೃತಿಯನ್ನು ಇಬ್ಬರು ಅರ್ಧ ಸಮಯದಲ್ಲಿ ನುಡಿಸಿ ಮುಗಿಸಲಾಗದು. ಆದ್ದರಿಂದ ಕಲೆಯ ವೆಚ್ಚ ಏರುತ್ತಲೇ ಹೋಗುತ್ತದೆ, ಪೋಷಣೆ ಬೇಕೇ ಬೇಕಾಗುತ್ತದೆ ಎಂಬುದು ಅವರ ವಾದದ ಸಾರ. ಎರಡು ಗಂಟೆಯ ಗಾಯನಕ್ಕೆ ಎರಡು ಗಂಟೆಯೇ ಬೇಕು. ಅದನ್ನು ಅಗ್ಗ ಮಾಡಲಾಗದು ಎಂದಾದರೆ, ಹೆಚ್ಚು ಕಿವಿಗಳಿಗೆ ಮುಟ್ಟಿಸುವುದೊಂದೇ ಉಳಿದ ದಾರಿ. ಧಾರವಾಡದ ಭಾಗ್ಯವೆಂದರೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರಂಥವರು ಅಲ್ಲಿನ ವಿಶ್ವವಿದ್ಯಾಲಯದೊಡನೆ ಸಂಬಂಧವಿರಿಸಿಕೊಂಡಿದ್ದರು. ನಾನು ವಿದ್ಯಾರ್ಥಿಯಾಗಿದ್ದ ಎಂಬತ್ತರ ದಶಕದ ಆರಂಭದಲ್ಲಿ ಮನಸೂರರ ಗಾಯನವನ್ನು ನೆಲದ ಮೇಲೆ ಕುಳಿತು ಕೇಳಿದ್ದೇನೆ. ಯಾವ ರಾಗವೆಂದು ತಿಳಿಯಲಿಲ್ಲ. ಆದರೆ ಯಕ್ಷಗಾನದ ಭಾಗವತಿಕೆಯನ್ನಷ್ಟೇ ಬಲ್ಲ ಕರಾವಳಿಯ ಹುಡುಗನಿಗೆ, ಹಾಡುವವರು ಒಂದು ಸ್ವರವನ್ನು ಹುಡುಕಿಕೊಂಡು ಇಷ್ಟು ದೂರ ಹೋಗಬಹುದೆಂದು ಅಂದು ತಿಳಿಯಿತು. ಆ ಅನುಭವಕ್ಕಾಗಿ ನಾನು ಕೊಟ್ಟದ್ದು ಏನೂ ಇಲ್ಲ. ಕೊಟ್ಟವರು ತೆರಿಗೆದಾರರು. ಅವರಲ್ಲಿ ಬಸಳೆ ಮಾರುವ ಆ ಹೆಂಗಸೂ ಸೇರಿದ್ದಾಳೆ. ಆಕೆ ಕೊಳ್ಳುತ್ತಿದ್ದ ಬೆಂಕಿಪೊಟ್ಟಣಕ್ಕೂ ಸುಂಕವಿತ್ತು.

ಇಷ್ಟು ಬರೆದ ಮೇಲೆ ಒಂದು ತಪ್ಪೊಪ್ಪಿಗೆಯನ್ನು ಮಾಡದಿದ್ದರೆ ಆತ್ಮವಂಚನೆಯಾಗುತ್ತದೆ. 2002ರಲ್ಲಿ ನಮ್ಮ ರಾಜ್ಯ ವಿತ್ತೀಯ ಹೊಣೆಗಾರಿಕೆಯ ಕಾಯಿದೆಯನ್ನು ತಂದಿತು. ಅದರ ಬೆನ್ನಿಗೆ ಎಲ್ಲೆಡೆ ವೆಚ್ಚ ಕಡಿತದ ಗಾಳಿ ಬೀಸಿತು. ಆಗ ನಾನಿದ್ದ ಹುದ್ದೆಯಲ್ಲಿ ರಾಜ್ಯದ ಒಂದು ವಿಶ್ವವಿದ್ಯಾಲಯದ ಅನುದಾನದ ಪ್ರಸ್ತಾವ ನನ್ನ ಮೇಜಿಗೆ ಬಂದಿತ್ತು. ಅದರಲ್ಲಿ ತಾಲ್ಲೂಕುಗಳಲ್ಲಿ ಉಪನ್ಯಾಸ ಮತ್ತು ಸಂಚಾರಿ ಪ್ರದರ್ಶನ ನಡೆಸಲು ಸಣ್ಣದೊಂದು ಮೊತ್ತ ಕೇಳಿದ್ದರು. ಒಟ್ಟು ಅನುದಾನದ ಮುಂದೆ ಅದು ಲೆಕ್ಕಕ್ಕೇ ಬಾರದ್ದು. ವೇತನವನ್ನು ಮುಟ್ಟುವಂತಿರಲಿಲ್ಲ, ಪಿಂಚಣಿಯನ್ನು ಮುಟ್ಟುವಂತಿರಲಿಲ್ಲ, ನಡುವೆ ನಿಂತ ಕಟ್ಟಡಗಳನ್ನು ನಿಲ್ಲಿಸುವಂತಿರಲಿಲ್ಲ. ಕೈಗೆ ಸಿಕ್ಕಿದ್ದು ಅದೊಂದೇ. ‘ಫಲಿತಾಂಶ ಅಳೆಯಲು ಸಾಧ್ಯವಿಲ್ಲ. ಕೈಬಿಡಬಹುದು’ ಎಂದು ಟಿಪ್ಪಣಿ ಬರೆದು ಕಡತವನ್ನು ಮೇಲೆ ಕಳುಹಿಸಿದೆ. ಯಾರೂ ಪ್ರಶ್ನಿಸಲಿಲ್ಲ. ಮರುವರ್ಷದ ಪ್ರಸ್ತಾವದಲ್ಲಿ ಆ ಬಾಬ್ತೇ ಇರಲಿಲ್ಲ; ನಾನು ಉಳಿತಾಯ ಮಾಡಿದೆನೆಂದು ನೆಮ್ಮದಿಯಿಂದಿದ್ದೆ. ಪೆಟ್ರೋಮ್ಯಾಕ್ಸ್ ದೀಪದ ಆ ಸಂಜೆ ನೆನಪಾದದ್ದು ಬಹಳ ವರ್ಷಗಳ ಮೇಲೆ. ಅಳೆಯಲು ಬಾರದ ಆ ಫಲಿತಾಂಶ ಬೇರೆ ಯಾರೂ ಅಲ್ಲ, ಟಿಪ್ಪಣಿ ಬರೆದ ನಾನೇ ಆಗಿದ್ದೆ.

ಅತಿಥಿ ಎಂಬ ಪದಕ್ಕೆ ಒದಗಿದ ಗತಿಯನ್ನೂ ಇಲ್ಲಿ ನೆನೆಯಬೇಕು. ಒಂದು ಕಾಲಕ್ಕೆ ಕಾಲೇಜಿಗೆ ಅತಿಥಿ ಉಪನ್ಯಾಸಕರು ಬರುತ್ತಾರೆಂದರೆ ತೋರಣ ಕಟ್ಟುತ್ತಿದ್ದರು. ಇಂದು ಆ ಪದದ ಅರ್ಥ ಬೇರೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಕಾಯಂ ಹುದ್ದೆಯಿಲ್ಲದೆ ಪಾಠ ಮಾಡಿದ್ದಾರೆ. 2022ರ ಜನವರಿಯವರೆಗೆ ಅವರಿಗೆ ಸಿಗುತ್ತಿದ್ದುದು ತಿಂಗಳಿಗೆ 11,000ದಿಂದ 13,000 ರೂಪಾಯಿ. ದೀರ್ಘ ಮುಷ್ಕರದ ಬಳಿಕ ಅದು 26,000ದಿಂದ 32,000 ರೂಪಾಯಿಗೆ ಏರಿತು; 2023ರ ಕೊನೆಯಲ್ಲಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ನಮ್ಮ ನೆರೆಮನೆಯ ಹೆಣ್ಣುಮಗಳೊಬ್ಬಳು ಹಲವು ವರ್ಷಗಳಿಂದ ಹೀಗೆ ‘ಅತಿಥಿ’ಯಾಗಿಯೇ ದುಡಿಯುತ್ತಿದ್ದಾಳೆ. ‘ಮನೆಗೆ ಬಂದ ಅತಿಥಿಯನ್ನ ಇಷ್ಟು ವರ್ಷ ಯಾರಾದರೂ ಹೊರಗಿನ ಜಗುಲಿಯಲ್ಲೇ ಕೂರಿಸ್ತಾರಾ, ದೊಡ್ಡಪ್ಪಾ?’ ಎಂದು ಆಕೆ ನಗುತ್ತಲೇ ಕೇಳಿದಾಗ ಉತ್ತರಿಸಲು ನನಗೆ ತೋಚಲಿಲ್ಲ. ದೂರದ ವಿದ್ವಾಂಸರೊಬ್ಬರು ತಾಲ್ಲೂಕಿಗೆ ಬಂದರೆ ಅವರನ್ನು ಬರಮಾಡಿಕೊಂಡು, ಅವರ ಮಾತನ್ನು ಕನ್ನಡದಲ್ಲಿ ತಿಳಿಸಿ, ಮರುದಿನ ತರಗತಿಯಲ್ಲಿ ಮುಂದುವರಿಸಬೇಕಾದವರು ಇಂಥ ಅಧ್ಯಾಪಕರೇ. ಅವರ ನೆಲೆ ಗಟ್ಟಿಯಾಗದೆ ಯಾವ ವಿಸ್ತರಣೆಯೂ ನಿಲ್ಲಲಾರದು.

ನಮ್ಮ ಊರಿನ ಕಡೆಗೂ ಸಂದರ್ಶಕ ವಿದ್ವಾಂಸರು ಬರುತ್ತಾರೆ ಎಂಬುದು ಈ ಕತೆಯ ಇನ್ನೊಂದು ಮುಖ. ಹೊಳನಗದ್ದೆಯ ಉತ್ತರಕ್ಕೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಿದೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಚಿಪ್ಪುಗಳನ್ನು, ಹಕ್ಕಿಗಳನ್ನು, ಕಾಂಡ್ಲಾ ಗಿಡಗಳನ್ನು, ಉಪ್ಪುನೀರನ್ನು ತಾಳಿಕೊಳ್ಳುವ ಗಜನಿಯ ಕಗ್ಗ ಭತ್ತವನ್ನು ಅಭ್ಯಾಸ ಮಾಡಲು ಸಂಶೋಧಕರು ಬರುತ್ತಾರೆ. ಹಾಲಕ್ಕಿಗಳ ಸುಗ್ಗಿ ಕುಣಿತವನ್ನು ಚಿತ್ರೀಕರಿಸಲು ಬರುತ್ತಾರೆ. ಊರವರು ಎಳನೀರು ಕೊಟ್ಟು, ದೋಣಿ ಹತ್ತಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಕಳುಹಿಸುತ್ತಾರೆ. ಅವರು ಕಂಡುಕೊಂಡದ್ದೇನು ಎಂಬುದು ಮಾತ್ರ ಹಿಂದಿರುಗಿ ಬರುವುದಿಲ್ಲ. ಅದು ಇಂಗ್ಲಿಷ್ ನಿಯತಕಾಲಿಕಗಳಲ್ಲಿ ಉಳಿಯುತ್ತದೆ. ಎಲ್.ಆರ್. ಹೆಗಡೆಯವರಂಥ ಜಾನಪದ ವಿದ್ವಾಂಸರು ಈ ಜಿಲ್ಲೆಯ ಊರೂರು ತಿರುಗಿ ಹಾಡು, ಕತೆಗಳನ್ನು ಸಂಗ್ರಹಿಸಿ ಕನ್ನಡದಲ್ಲಿಯೇ ಪ್ರಕಟಿಸಿದರು. ಸಾವಿರಾರು ಹಾಡುಗಳನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು; 2025ರಲ್ಲಿ ಅವರು ತೀರಿಕೊಂಡರು. ಅಂಥವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು ಒಂದು. ಸಂದರ್ಶಕ ಪ್ರಾಧ್ಯಾಪಕರಿಗೆ ಸಲ್ಲುವ ಗೌರವಧನವನ್ನೂ ಪ್ರಯಾಣ ಭತ್ಯೆಯನ್ನೂ ಕೊಟ್ಟು, ವಾರಗಟ್ಟಲೆ ಅವರಿಂದ ಪಾಠ ಹೇಳಿಸಿಕೊಳ್ಳುವುದು ಇನ್ನೊಂದು. ಆತಿಥ್ಯ ಎರಡೂ ಕಡೆಯಿಂದ ನಡೆಯಬೇಕು.

ಆಕ್ಷೇಪಗಳನ್ನು ನಾನು ಬಲ್ಲೆ. ಜಗತ್ತಿನ ಶ್ರೇಷ್ಠ ಉಪನ್ಯಾಸಗಳೆಲ್ಲ ಮೊಬೈಲಿನಲ್ಲಿಯೇ ಸಿಗುವಾಗ ವಿದ್ವಾಂಸರನ್ನು ಘಟ್ಟ ಇಳಿಸುವ ಕಷ್ಟವೇಕೆ ಎಂಬುದು ಮೊದಲನೆಯದು. ಮೊಬೈಲು ಮಾತನಾಡುತ್ತದೆ ನಿಜ, ಆದರೆ ‘ಬಸಳೆಯ ರೇಟು ಎಂತಕ್ಕೆ ಏರೂದಿಲ್ಲ’ ಎಂಬ ಪ್ರಶ್ನೆಯನ್ನು ಅದು ಬರೆದುಕೊಳ್ಳುವುದಿಲ್ಲ. ವಿದ್ವಾಂಸರು ಬರುವುದರಿಂದ ಕೇಳುಗರಿಗೆ ಎಷ್ಟು ಲಾಭವೋ ವಿದ್ವಾಂಸರಿಗೂ ಅಷ್ಟೇ ಲಾಭ. ಹಳ್ಳಿಗಳಲ್ಲಿ ಕೇಳುವವರು ಯಾರಿದ್ದಾರೆ ಎಂಬುದು ಎರಡನೆಯ ಆಕ್ಷೇಪ. ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು ಧರ್ಮಸೂಕ್ಷ್ಮವೊಂದನ್ನು ರಾತ್ರಿಯಿಡೀ ಚರ್ಚಿಸುವ ತಾಳಮದ್ದಲೆಯನ್ನು ತೂಕಡಿಸದೆ ಕೇಳುವ ಜನರಿವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಂದಿಗೂ ನಡೆದಿರುವುದು ಇಂಥ ಪ್ರೇಕ್ಷಕರ ಬಲದಿಂದಲೇ. ಒಂದೂವರೆ ಗಂಟೆಯ ಉಪನ್ಯಾಸ ಅವರಿಗೆ ದೊಡ್ಡದಲ್ಲ. ವಿಷಯ ಅವರದಾಗಿರಬೇಕು, ಭಾಷೆ ಅವರಿಗೆ ತಿಳಿಯುವಂತಿರಬೇಕು, ಅಷ್ಟೆ.

ಹಣದ ಕೊರತೆ ಮೂರನೆಯದು. ಇದು ಸುಳ್ಳಲ್ಲ. ಹೊಸ ವಿಶ್ವವಿದ್ಯಾಲಯಗಳನ್ನು ಸಾಲುಸಾಲಾಗಿ ತೆರೆದು, 2025ರ ಫೆಬ್ರವರಿಯಲ್ಲಿ ಅವುಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿಯೇ ಶಿಫಾರಸು ಮಾಡಿದ ರಾಜ್ಯ ನಮ್ಮದು. ಆದರೆ ಆ ಇಡೀ ಚರ್ಚೆ ನಡೆದದ್ದು ಕಟ್ಟಡ, ಹುದ್ದೆ, ಅನುದಾನಗಳ ಲೆಕ್ಕದಲ್ಲಿ. ವಿಶ್ವವಿದ್ಯಾಲಯವೊಂದು ಸುತ್ತಲಿನ ಜನಕ್ಕೆ ಏನು ಕೊಡುತ್ತಿದೆ ಎಂಬ ಪ್ರಶ್ನೆ ಮೂಲೆಗೆ ಸರಿಯಿತು. ಜಿಲ್ಲೆಗೊಂದು ವಿಶ್ವವಿದ್ಯಾಲಯ ಕಟ್ಟುವುದಕ್ಕಿಂತ, ಇರುವ ವಿಶ್ವವಿದ್ಯಾಲಯವನ್ನು ಜಿಲ್ಲೆಯ ತುಂಬ ನಡೆದಾಡಿಸುವುದು ಎಷ್ಟೋ ಅಗ್ಗ.

ಹಾಗಾಗಿ ನನ್ನ ಸಲಹೆಗಳು ಸರಳವಾಗಿವೆ. ಸಾರ್ವಜನಿಕ ಹಣದಿಂದ ಕರೆಸುವ ಪ್ರತಿಯೊಬ್ಬ ಸಂದರ್ಶಕ ವಿದ್ವಾಂಸ ಮತ್ತು ಕಲಾವಿದರ ಮಂಜೂರಾತಿ ಆದೇಶದಲ್ಲಿಯೇ, ಆವರಣದ ಹೊರಗೆ ಒಂದು ತಾಲ್ಲೂಕು ಕೇಂದ್ರದಲ್ಲಿ ಒಂದು ಕಾರ್ಯಕ್ರಮ ಎಂಬ ಷರತ್ತು ಇರಲಿ. ಉಪನ್ಯಾಸ ಯಾವ ಭಾಷೆಯಲ್ಲಿಯೇ ನಡೆಯಲಿ, ಅದರ ಕನ್ನಡ ಸಾರಾಂಶ ಹದಿನಾರು ಪುಟಗಳ ಪುಸ್ತಿಕೆಯಾಗಿ ಬರಲಿ. ಕಣವಿಯವರ ಕಾಲದಲ್ಲಿ ಆದದ್ದು ಈ ಕಾಲಕ್ಕೆ ಆಗಲಾರದೇ? 1939ರಲ್ಲಿ ಆರಂಭವಾಗಿ ಬಳಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಶಾಸನ, ಶಿಲ್ಪಗಳ ಸಂಗ್ರಹವಿದೆ. ಮೂಲ ಶಿಲ್ಪಗಳನ್ನು ಸಾಗಿಸುವುದು ಬೇಡ. ಒಳ್ಳೆಯ ಛಾಯಾಚಿತ್ರಗಳು, ಶಾಸನಗಳ ಪಡಿಯಚ್ಚುಗಳು ಒಂದು ವ್ಯಾನಿನಲ್ಲಿ ಹಿಡಿಯುತ್ತವೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಸಂಚಾರಿ ವಿಜ್ಞಾನ ಪ್ರದರ್ಶನ ಶಾಲೆಗಳ ಬಾಗಿಲಿಗೆ ಹೋಗಬಹುದಾದರೆ ಇತಿಹಾಸವೂ ಹೋಗಬಹುದು. ಕಡೆಯದಾಗಿ, ಈ ಕೆಲಸ ನೋಡಿಕೊಳ್ಳಲು ಪ್ರಸಾರಾಂಗದಲ್ಲಿ ಒಬ್ಬ ಪೂರ್ಣಾವಧಿಯ ಅಧಿಕಾರಿ ಇರಲಿ. ಎಲ್ಲರ ಹೊಣೆ ಎಂದದ್ದು ಯಾರ ಹೊಣೆಯೂ ಆಗುವುದಿಲ್ಲ ಎಂಬುದು ಆಡಳಿತದಲ್ಲಿ ನಾನು ಕಲಿತ ಮೊದಲ ಪಾಠ.

ಧಾರವಾಡಕ್ಕೂ ನಮಗೂ ನಡುವೆ ಹೆಚ್ಚುಕಡಿಮೆ 180 ಕಿಲೋಮೀಟರ್ ದಾರಿ, ಒಂದು ಘಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಈ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಂತೂ ಅದಕ್ಕೆ ಚಿನ್ನದ ಬೆಲೆ. ಧಾರವಾಡದಲ್ಲಿ ಬೆಳೆದ ನಾಟಿ ಹತ್ತಿಗೆ ಮುಂಬಯಿ ಮತ್ತು ಇಂಗ್ಲೆಂಡಿನ ಮಾರುಕಟ್ಟೆಗಳಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. 1880ರ ದಶಕದಲ್ಲಿ ರೈಲು ಮಾರ್ಮಗೋವಾದ ಕಡೆಗೆ ಹರಿದ ಮೇಲೆ ಆ ವ್ಯಾಪಾರ ಬತ್ತಿತು. ರಸ್ತೆಯೇ ಸರಿಯಿಲ್ಲದ ಕಾಲದಲ್ಲಿ ಹತ್ತಿ ಇಳಿದುಬಂದ ಘಟ್ಟವನ್ನು, ಹೆದ್ದಾರಿಯ ಕಾಲದಲ್ಲಿ ವಿದ್ಯೆ ಇಳಿದು ಬರಲಾರದೆಂದರೆ ನಂಬುವುದು ಕಷ್ಟ.

ನಮ್ಮೂರ ಶಾಲೆಯ ಜಗುಲಿಗೆ ಈಗ ವಿದ್ಯುದ್ದೀಪ ಬಂದಿದೆ. ಕುಮಟೆಯ ಪೇಟೆಯಿಂದ ಸಂಜೆ ಮರಳುವ ಹೆಂಗಸರು ಇಂದಿಗೂ ಅದೇ ದಾರಿಯಲ್ಲಿ ಹೋಗುತ್ತಾರೆ. ಬಸಳೆಯ ಕಟ್ಟಿನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಧಾರವಾಡದಿಂದಲೋ ಮೈಸೂರಿನಿಂದಲೋ ಯಾರಾದರೂ ಬರುವುದಾದರೆ, ನಿಂತು ಕೇಳುವವರಿಗೆ ಕೂರಲು ಚಾಪೆ ಹಾಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಅಂದು ಕಡತದಲ್ಲಿ ಹೊಡೆದು ಹಾಕಿದ ಒಂದು ಸಾಲಿಗೆ ಅಷ್ಟಾದರೂ ತೆರಬೇಕು.